ಅತ್ತೆಯ ಓಟು, ನನ್ನ ಸ್ವೆಟರ್

ಏನೇನು ಎಡವಟ್ಟಾಗಬಹುದಿತ್ತು, ಹೇಳಲೇ? ಅತ್ತೆಯ ಸಹಿ ದಾಖಲೆಯ ಸಹಿಗೆ ಹೊಂದದೇ ಹೋಗಬಹುದಿತ್ತು. ಮತಗಟ್ಟೆಯಾಗಿದ್ದ ಶಾಲೆಯ ಜಿಮ್‌ನ ನುಣುಪು ನೆಲದಲ್ಲಿ ಕಾಲು ಜಾರಬಹುದಿತ್ತು. ಮೆಷಿನ್ ಕೈಕೊಡಬಹುದಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ಅತ್ತೆ ಬಾಯಿ ಬಿಡಬಹುದಿತ್ತು! ಕೂದಲೆಳೆಯ ಅಂತರದ ಚುನಾವಣೆ ಎಂದು ಟೀವಿಯವರು ತಿಂಗಳಿಂದ ಹೆದರಿಸುತ್ತಿದ್ದರು. ನ್ಯೂಜೆರ್ಸಿಯ ಮುಂದಿನ ಗವರ್ನರ್ ನನ್ನ ಸೋದರತ್ತೆಯ ಬೆರಳ ತುದಿಯಲ್ಲಿದ್ದಾರೆ ಎಂದು ನಾನು ನಂಬಿದ್ದೆ. ಅತ್ತೆಗಂತೂ ಅನುಮಾನವೇ ಇರಲಿಲ್ಲ.

ಗಂಡನ ಜೊತೆ ಯಾವ ಕಾಲದಲ್ಲೋ ಬಂದು, ಗ್ರೀನ್ ಕಾರ್ಡನ್ನೇ ಜೋಪಾನ ಮಾಡಿಕೊಂಡಿದ್ದ ಅತ್ತೆ ಎಪ್ಪತ್ತಾರನೇ ವಯಸ್ಸಿಗೆ ಸಿಟಿಜನ್ ಆದರು. ಇದು ಇಲ್ಲಿ ಅವರ ಮೊದಲ ಓಟು. ಅವರ ಮನೆಯ ಮಹಡಿಯಲ್ಲಿ ಸಂಸಾರ ಹೂಡಿರುವ ನಾನೋ, ಹದಿನೇಳು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನು. ನನಗೆ ಓಟಿಲ್ಲ. ಚಿಂತೆ ಮಾಡುವ ಹಕ್ಕೊಂದಿದೆ, ತಪ್ಪದೆ ಚಲಾಯಿಸುತ್ತೇನೆ.

"ನಮ್ಮಲ್ಲಿ ರಾಜ್ಯಪಾಲರನ್ನ ದಿಲ್ಲಿಯವರೇ ಕಳಿಸ್ತಾರಪ್ಪ. ಇಲ್ಲಿ ಅದಕ್ಕೂ ನಾನೇ ಹೋಗಬೇಕಾ?"

"ಇಲ್ಲಿ ಗವರ್ನರ್ ಅಂದ್ರೆ ಮುಖ್ಯಮಂತ್ರಿ ಇದ್ದ ಹಾಗೆ ಅತ್ತೆ."

"ಹಾಗಾದ್ರೆ ನೋಡಿಯೇ ಆರಿಸಬೇಕು."

ನೋಡಿದರು! ಪ್ರಚಾರಕ್ಕೆ ಬಂದ ಒಂದು ಪಕ್ಷದ ಹುಡುಗಿಗೆ ಚಕ್ಕುಲಿ ಕೊಟ್ಟು, ಕುಂಕುಮ ಇಟ್ಟು, ಮನೆ ಮುಂದಿನ ಹುಲ್ಲಿನಲ್ಲಿ ಅವರ ಬೋರ್ಡು ನೆಡಲು ಒಪ್ಪಿದರು. ಮರುದಿನ ಎದುರು ಪಕ್ಷದವರು ಬಂದರು. ಮತ್ತೆ ಚಕ್ಕುಲಿ, ಮತ್ತೊಂದು ಬೋರ್ಡು! ಜಗಳವಾಡಿದ ಬೀಗರಂತೆ ಎರಡೂ ಮುಖ ತಿರುಗಿಸಿಕೊಂಡು ನಿಂತವು. ನಾಯಿ ಸುತ್ತಾಡಿಸಲು ಬಂದ ಪಕ್ಕದ ಮನೆಯವನು ಎರಡನ್ನೂ ಎರಡೆರಡು ಸಲ ಓದಿ, ತಲೆ ಕೆರೆದುಕೊಂಡು ಹೋದ.

"ಅತ್ತೆ, ಒಂದನ್ನ ಕಿತ್ತುಬಿಡಲಾ?"

"ಮನೆಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋಕಾಗತ್ತೇನೋ? ಬೋರ್ಡು ಅಂದ್ರೆ ತಾಂಬೂಲ, ಬಂದವರಿಗೆಲ್ಲ ಕೊಡೋದೇ. ಓಟು ಕನ್ಯಾದಾನ. ಒಬ್ಬರಿಗೇ!"

ಚುನಾವಣೆಯ ದಿನ, "ಮಂಗಳವಾರ ಯಾರಾದ್ರೂ ಶುಭಕಾರ್ಯ ಇಟ್ಕೋತಾರಾ?" ಎಂದು ಇಡೀ ಅಮೆರಿಕವನ್ನು ಬೈದು, ಮೂರರ ರಾಹುಕಾಲಕ್ಕೆ ಮುಂಚೆಯೇ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿ ಹೊರಟರು. ನಾನು ಜಿಮ್‌ನ ಹೊರಗೆ ನಿಂತೆ. ಐದು ನಿಮಿಷ. ಹತ್ತು. ಇಪ್ಪತ್ತು! ಅವರ ಹಿಂದೆ ಹೋದವರೆಲ್ಲ ಓಟು ಹಾಕಿ ಮನೆ ಸೇರಿದರು. ಬಿದ್ದರೇ? ಮೆಷಿನ್ನಿಗೂ ಚಕ್ಕುಲಿ ಕೊಡುತ್ತಿದ್ದಾರೆಯೇ?

ಕೊನೆಗೂ ಬಂದರು. ಕೈಯಲ್ಲಿ 'ನಾನು ಓಟು ಹಾಕಿದೆ' ಎನ್ನುವ ಸ್ಟಿಕರ್.

"ಯಾಕತ್ತೆ ಇಷ್ಟು ಹೊತ್ತು?"

"ನಂದು ಎರಡೇ ನಿಮಿಷಕ್ಕೆ ತೀರ್ಮಾನ ಆಗಿತ್ತು ಕಣೋ. ಆಮೇಲೆ ನೀನಾಗಿದ್ರೆ ಯಾರಿಗೆ ಹಾಕ್ತಿದ್ದೆ ಅಂತ ಯೋಚನೆ ಬಂತು. ಮಕ್ಕಳ ಸ್ಕೂಲು, ನಿನ್ನ ಟ್ರೈನು, ಕೆಲಸ... ನಿನ್ನ ಹೆದರಿಕೆಗಳೇನು ಒಂದಾ ಎರಡಾ? ಎಲ್ಲಾ ನೆನಪು ಮಾಡ್ಕೊಳ್ಳೋಕೆ ಹೊತ್ತಾಯ್ತು. ನಂದು ಬಿಟ್ಟು ನಿಂದೇ ಒತ್ತಿದೆ. ಗೆದ್ದವರ ಜೊತೆ ನಾಲ್ಕು ವರ್ಷ ಏಗಬೇಕಾದವನು ನೀನಲ್ವಾ?"

ಎಂದವರೇ ಸ್ಟಿಕರನ್ನು ನನ್ನ ಸ್ವೆಟರಿನ ಎದೆಗೆ ಅಂಟಿಸಿಬಿಟ್ಟರು.

"ಅಯ್ಯೋ, ತೆಗೀರಿ ಅತ್ತೆ! ಇಮಿಗ್ರೇಷನ್‌ನವರು ನೋಡಿದ್ರೆ..."

"ಸುಮ್ಮನಿರೋ. ಹಾಕಿದವನೇ ನೀನು."

ಯಾರಿಗೆ ಒತ್ತಿದರೆಂದು ಅತ್ತೆ ಈವರೆಗೂ ಹೇಳಿಲ್ಲ. ಹಾಗಾಗಿ ನಾನು ಯಾರಿಗೆ ಓಟು ಹಾಕಿದೆನೆಂದು ನನಗೇ ಗೊತ್ತಿಲ್ಲ!

ಸಹಿ ಹೊಂದಿತು. ಕಾಲು ಜಾರಲಿಲ್ಲ. ಮೆಷಿನ್ ಕೈಕೊಡಲಿಲ್ಲ. ಆದ ಎಡವಟ್ಟು ಒಂದೇ: ಸ್ವೆಟರ್ ಸ್ಟಿಕರ್ ಸಮೇತ ಒಗೆಯಲು ಹೋಗಿ, ಎದೆಯ ಮೇಲೆ ಗುಂಡಗೆ ಅಂಟಿನ ಕಲೆ ಉಳಿದಿದೆ. ಹೋಗುತ್ತಿಲ್ಲ. ನಿಜ ಹೇಳಬೇಕೆಂದರೆ, ನಾನು ಉಜ್ಜಿ ನೋಡಿಯೇ ಇಲ್ಲ.