ಉಸಿರು ಹಿಡಿದ ಗಾಡಿಯ ಅಳತೆ

"ಬರೆದಿಟ್ಕೋ! ಬರೋ ಭಾನುವಾರ ನಿನ್ನನ್ನ ನಿಮ್ಮಕ್ಕನ ಮನೆಗೆ ಕರ್ಕೊಂಡು ಹೋಗದೇ ಇದ್ರೆ, ನಾನು ಕತ್ತರಿ ಹಿಡಿಯೋದೇ ಬಿಟ್ಟುಬಿಡ್ತೀನಿ!"

ಅಂಗಡಿಯ ನಟ್ಟನಡುವೆ ನಿಂತು, ಎಡಗೈಯಲ್ಲಿ ಯಾರದೋ ಪ್ಯಾಂಟು, ಬಲಗೈಯಲ್ಲಿ ಕತ್ತರಿ ಹಿಡಿದು ಟೈಲರ್ ಈ ಘನಘೋರ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಮೊದ್ಲು ಆ ಪ್ಯಾಂಟು ಮುಗಿಸಿ. ಪಾಪ, ಅವರು ಬಂದು ಬಂದು ಚಪ್ಪಲಿ ಸವೆಸಿದ್ದಾರೆ," ಎಂದಳು.

ಈ ಪ್ರತಿಜ್ಞೆ ಸುಮ್ಮನೆ ಬಾಯಿಗೆ ಬಂದದ್ದಲ್ಲ. ಹೆಂಡತಿಯ ಅಕ್ಕನ ಮನೆ ಊರಾಚೆಯ ಗುಡ್ಡದ ನೆತ್ತಿಯಲ್ಲಿತ್ತು. ಅಕ್ಕನ ಗಂಡ, ಅಂದರೆ ನಮ್ಮ ಟೈಲರನ ಷಡ್ಡಕ, ಲಾರಿ ಓಡಿಸುವವನು. ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯ ಮೇಲಿದ್ದದ್ದೇ ಹೆಚ್ಚು. ಅಕ್ಕನಿಗೆ ಒಂದು ಹಿಂಡು ಆಡು. ಅವನ್ನು ಬಿಟ್ಟು ಅವಳು ಇಳಿಯುವಂತಿಲ್ಲ. ಇತ್ತ ತಂಗಿಗೆ ಮಂಡಿ ನೋವು, ಇವಳು ಹತ್ತುವಂತಿಲ್ಲ. ಹೀಗಾಗಿ ಮೇಲೊಬ್ಬಳು, ಕೆಳಗೊಬ್ಬಳು. ಫೋನಿನಲ್ಲಾದರೂ ಮಾತಾಡೋಣವೆಂದರೆ "ಹಲೋ, ಕೇಳಿಸ್ತಿದ್ಯಾ?" "ಹಲೋ, ನಿಂಗೆ ಕೇಳಿಸ್ತಿದ್ಯಾ?" ಎನ್ನುವುದರಲ್ಲೇ ಮಾತು ಮುಗಿದು ಹೋಗುತ್ತಿತ್ತು. ಇಬ್ಬರೂ ಮುಖ ನೋಡಿಕೊಂಡು ವರ್ಷ ದಾಟಿತ್ತು.

ಟೈಲರನ ಬಳಿ ಒಂದು ಹಳೇ ಜೀಪಿತ್ತು. ನಾಲ್ಕೂ ಚಕ್ರ ಎಳೆಯುವ ಜೀಪು, ಬೆಳ್ಳಿಯಂತೆ ಹೊಳೆಯುವ ಅಲಾಯ್ ಚಕ್ರ. ಹಿಂದಿನ ತಿಂಗಳು ಅದರಲ್ಲೇ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡ ಹತ್ತಿದ್ದ. ಅರ್ಧ ದಾರಿಯಲ್ಲಿ ಒಂದು ಬಂಡೆ ಬಡಿದು ಮುಂದಿನ ಚಕ್ರ ಗಾಜಿನ ಬಳೆಯ ಹಾಗೆ ಬಿರುಕು ಬಿಟ್ಟಿತು. ಗಾಳಿ ಬುಸ್ಸೆಂದು ಹೋಯಿತು, ಗಾಡಿಯ ಹೊಟ್ಟೆ ಕಲ್ಲಿನ ಮೇಲೆ ಕೂತಿತು. ಸ್ಟೆಪ್ನಿ ಹಾಕಿಕೊಂಡು ವಾಪಸ್ ತಿರುಗಿಸುವಾಗ ಮೇಲೆ ಅಂಗಳದಂಚಿನಲ್ಲಿ ಅಕ್ಕ ನಿಂತಿದ್ದದ್ದು ಕಾಣುತ್ತಿತ್ತು. ದಾರಿಯಲ್ಲಿ ಹೆಂಡತಿ ಒಂದು ಸಲ ಮೂಗು ಒರೆಸಿಕೊಂಡು, "ಧೂಳು," ಎಂದಳು. ಕಿಟಕಿಗಳೆಲ್ಲ ಮುಚ್ಚಿದ್ದವು! ಆ 'ಧೂಳು' ಕೇಳಿದಂದಿನಿಂದ ಟೈಲರನಿಗೆ ಸರಿಯಾಗಿ ಊಟ ಸೇರಲಿಲ್ಲ.

ಯೋಚಿಸಿ ಯೋಚಿಸಿ ಅವನು ಎರಡು ತೀರ್ಮಾನಕ್ಕೆ ಬಂದ. ಚಕ್ರ ಉಕ್ಕಿನದಾಗಬೇಕು, ಟೈರು ದೊಡ್ಡದಾಗಬೇಕು. ಎಷ್ಟು ದೊಡ್ಡದು? ಊರಿನ ಅರ್ಧ ಜನದ ಸೊಂಟದ ಸುತ್ತಳತೆ ಬಾಯಿಪಾಠವಿರುವ ಮನುಷ್ಯ ಇದನ್ನು ಇನ್ನೊಬ್ಬರನ್ನು ಕೇಳುವುದುಂಟೆ! ಮನೆಯ ಮುಂದೆ ಜೀಪಿಗೆ ಜಾಕ್ ಕೊಟ್ಟು ಮೇಲೆತ್ತಿದ. ಕೊರಳಲ್ಲಿ ಸದಾ ನೇತಾಡುವ ಟೇಪನ್ನು ಎಳೆದುಕೊಂಡು ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಜಾಗ ಅಳೆದ. ಮುಂದೆ ಅಳೆದ, ಹಿಂದೆ ಅಳೆದ, ಮಂಡಿಯೂರಿ ಒಳಗೆ ತಲೆ ಹಾಕಿ ಅಳೆದ.

"ಅಬ್ಬಬ್ಬಾ, ಎಷ್ಟು ಲೂಸಿದೆಯೇ ಇದು! ಇದರೊಳಗೆ ಆನೆ ಕಾಲು ಹಿಡಿಸುತ್ತೆ!" ಎಂದು ಒಳಗಿನಿಂದಲೇ ಕೂಗಿದ.

"ನಮಗೆ ಟೈರು ಹಿಡಿಸಿದ್ರೆ ಸಾಕು," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

ಟೈರ್ ಅಂಗಡಿಯವನನ್ನು ಎಲ್ಲರೂ ಕರೆಯುವುದು ದಪ್ಪಣ್ಣ ಎಂದು. ಅವನ ಹಿತ್ತಲಲ್ಲಿ ಇದೇ ಜೀಪಿನ ಕಡಿಮೆ ಬೆಲೆಯ ಮಾಡೆಲ್ಲಿಗೆ ಕಂಪನಿಯವರೇ ಹಾಕಿ ಕಳಿಸಿದ ಕಪ್ಪು ಉಕ್ಕಿನ ಚಕ್ರಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು.

"ಎಲ್ರೂ ಉಕ್ಕು ಬಿಚ್ಚಿ ಅಲಾಯ್ ಹಾಕಿಸ್ತಾರೆ. ನೀವೊಬ್ರು ಉಲ್ಟಾ!" ಎಂದು ದಪ್ಪಣ್ಣ ನಕ್ಕ.

"ಕಲ್ಲು ಹೊರೋಕೆ ಹೋಗೋನಿಗೆ ರೇಷ್ಮೆ ಕೋಟು ಹೊಲಿಯೋಕಾಗುತ್ತೇನಯ್ಯಾ? ಉಕ್ಕು ಬಾಗಿದ್ರೆ ತಟ್ಟಿ ನೆಟ್ಟಗೆ ಮಾಡ್ಬಹುದು. ಒಡೆದು ಮಾತ್ರ ಹೋಗಲ್ಲ."

"ನಟ್ಟೂ ಬೇರೆ ಬೇಕಾಗುತ್ತೆ. ಅಲಾಯ್ ನಟ್ಟು ಇದಕ್ಕೆ ಕೂರಲ್ಲ."

"ಕೋಟಿನ ಗುಂಡಿ ಅಂಗಿ ಕಾಜಕ್ಕೆ ಹೋಗಲ್ಲ ಅಂತ ನಂಗೆ ಹೇಳ್ಕೊಡ್ತೀಯಾ? ಹಾಕು, ಹಾಕು!"

ಟೈರಿನ ಮಾತು ಬಂತು. ದಪ್ಪಣ್ಣ, "ಒಂದು ಸೈಜು ದೊಡ್ಡದು ಹಾಕೋಣ," ಎಂದ. ಟೈಲರ್ ಎದೆಯುಬ್ಬಿಸಿ ಟೇಪು ಝಳಪಿಸಿ, ಅಂಗಡಿಯಲ್ಲಿದ್ದ ಅತಿ ದೊಡ್ಡ ಟೈರಿನ ಕಡೆ ಬೆರಳು ತೋರಿಸಿದ. ದಪ್ಪಣ್ಣ ತಲೆ ಕೆರೆದುಕೊಂಡ. ಅವನಿಗೂ ಅದು ಹಿಡಿಸುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಅಷ್ಟು ದಿನದಿಂದ ಮೂಲೆಯಲ್ಲಿ ಕೂತಿದ್ದ ಟೈರು ತಾನಾಗಿ ಎದ್ದು ಹೋಗುತ್ತಿರುವಾಗ ಬೇಡ ಎನ್ನಲು ಅವನಿಗೇನು ಹುಚ್ಚೆ?

ಕೆಲಸ ಮುಗಿದಾಗ ಜೀಪು ಗುರುತೇ ಸಿಗದಂತಾಗಿತ್ತು. ಮೊಳ ಎತ್ತರ ಬೆಳೆದು, ಕಪ್ಪು ಚಕ್ರದ ಮೇಲೆ ಎದೆ ಸೆಟೆಸಿ ನಿಂತಿತ್ತು. ಟೈಲರ್ ಸಿಂಹಾಸನ ಏರಿದವನಂತೆ ಏರಿ ಕೂತು, ಅಂಗಡಿಯಿಂದ ಹೊರಗೆ ಬಂದು, ರಸ್ತೆಗೆ ತಿರುಗಿಸಲು ಸ್ಟೇರಿಂಗ್ ಪೂರ್ತಿ ಎಳೆದ.

ಕರ್ರ್ರ್ರ್!

ರಸ್ತೆಯಲ್ಲಿ ಹೋಗುವವರೆಲ್ಲ ಹಲ್ಲು ಕಚ್ಚಿಕೊಂಡರು. ಮಲಗಿದ್ದ ನಾಯಿ ಎದ್ದು ಓಡಿತು. ಟೈಲರ್ ಹೇಗೋ ಸಣ್ಣಸಣ್ಣಗೆ ತಿರುಗಿಸಿಕೊಂಡು, ಹಿಂದೆ ಮುಂದೆ ಹೋಗಿ, ಬೆವರು ಒರೆಸಿಕೊಳ್ಳುತ್ತಾ ಮನೆ ಸೇರಿದ.

"ಏನ್ರೀ ಅದು ಸದ್ದು? ಬೀದಿ ತುದಿಯಿಂದ ಕೇಳಿಸ್ತಿತ್ತು," ಎಂದಳು ಹೆಂಡತಿ.

"ಹೊಸ ಟೈರು. ಹೊಸದರಲ್ಲಿ ಹಾಗೇ!"

ಅವಳು ಬಗ್ಗಲಾರದೆ ಬಗ್ಗಿ ನೋಡಿದಳು. ಟೈರು ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ಉಜ್ಜಿ ಹಾಕಿತ್ತು. "ನೀವು ಅಳತೆ ತಗೊಂಡಾಗ ಗಾಡಿ ಜಾಕ್ ಮೇಲಿತ್ತಲ್ವೇನ್ರೀ?" ಎಂದು ಕೇಳಿದಳು.

"ಹೌದು. ಅದಕ್ಕೇನೀಗ?"

"ಜಾಕ್ ಮೇಲಿದ್ರೆ ಚಕ್ರ ಕೆಳಗೆ ಜೋತು ಬೀಳುತ್ತೆ. ಮೇಲೆ ಜಾಗ ಜಾಸ್ತಿ ಕಾಣುತ್ತೆ. ಇಳಿಸಿದ ಮೇಲೆ ಗಾಡಿ ಭಾರ ಕೂತಿತು ನೋಡಿ, ಜಾಗ ಎಲ್ಲಿದೆ?"

ಟೈಲರ್ ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ.

"ಅಲ್ರೀ, ಹೊಟ್ಟೆ ಒಳಗೆಳ್ಕೊಂಡು ಉಸಿರು ಹಿಡ್ಕೊಂಡು ನಿಂತ ಗಿರಾಕಿಯ ಅಳತೆ ತಗೋಬಾರ್ದು, ಉಸಿರು ಬಿಟ್ಟ ಮೇಲೇ ತಗೋಬೇಕು ಅಂತ ನಂಗೆ ಪಾಠ ಹೇಳಿದವ್ರು ಯಾರು? ನಿಮ್ಮ ಗಾಡಿ ಉಸಿರು ಹಿಡ್ಕೊಂಡು ನಿಂತಿತ್ತು!"

ಇಷ್ಟು ವರ್ಷದ ವೃತ್ತಿ ಗೌರವ ಮಣ್ಣುಪಾಲಾಯಿತು. ಆದರೆ ಟೈಲರ್ ಅಷ್ಟಕ್ಕೆ ಸೋಲೊಪ್ಪುವ ಆಸಾಮಿಯೆ! ಬಿಗಿಯಾದರೆ ಬಿಚ್ಚಿ ಸರಿ ಮಾಡುವುದಲ್ಲವೆ ಕಸುಬು! ಒಳಗೆ ಹೋದವನು ದೊಡ್ಡ ಕತ್ತರಿ ತಂದ. ಅದೆಂಥ ಕತ್ತರಿ ಅಂತೀರಿ! ಒಮ್ಮೆ ಹೆಂಡತಿ ಅದರಲ್ಲಿ ಒಂದು ಕಾಗದ ಕತ್ತರಿಸಿದ್ದಕ್ಕೆ ಮುನಿಸಿಕೊಂಡು ದಿನವಿಡೀ ಮಾತು ಬಿಟ್ಟಿದ್ದ. ಈಗ ಅದೇ ಕತ್ತರಿಯಲ್ಲಿ ಜೀಪಿನ ಒಳಗಿನ ಪ್ಲಾಸ್ಟಿಕ್ಕನ್ನು ಕಚಕಚ ಕತ್ತರಿಸತೊಡಗಿದ.

"ಅಯ್ಯಯ್ಯೋ, ಕತ್ತರಿ!" ಎಂದು ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಕತ್ತರಿ ಹಾಳಾಗ್ಹೋಗ್ಲಿ. ನೀನು ಅಕ್ಕನ್ನ ನೋಡ್ಬೇಕೋ ಬೇಡ್ವೋ?"

ಅವಳು ಒಳಗೆ ಹೋಗಿ ಟಾರ್ಚ್ ತಂದು, ಅವನ ಕೈಗೆ ಬೆಳಕು ಬೀಳುವಂತೆ ಹಿಡಿದು ನಿಂತಳು. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಇವನು ಬಿಡುವುದೇ ಇಲ್ಲವಲ್ಲ ಎನ್ನಿಸಿತು ಅವಳಿಗೆ. ಅಷ್ಟೆಲ್ಲ ಕತ್ತರಿಸಿದ ಮೇಲೆ ಎಡಕ್ಕೆ ತಿರುಗಿಸಿದರೆ ಸದ್ದು ನಿಂತಿತು. ಬಲಕ್ಕೆ ಪೂರ್ತಿ ತಿರುಗಿಸಿದರೆ ಮಾತ್ರ ಕರ್ರ್ ಎನ್ನುವುದು ಉಳಿಯಿತು. ಕತ್ತರಿ ಬೆಣ್ಣೆಯನ್ನೂ ಕತ್ತರಿಸದ ಸ್ಥಿತಿಗೆ ಬಂತು.

ಭಾನುವಾರ ಬೆಳಿಗ್ಗೆ ಹೆಂಡತಿ ಹೊಸ ಬಟ್ಟೆಯುಟ್ಟು, ಅಕ್ಕನಿಗೆಂದು ಹೊಲಿದ ಕುಪ್ಪಸ ಚೀಲದಲ್ಲಿಟ್ಟುಕೊಂಡು ಹೊರಗೆ ಬಂದಳು. ಜೀಪಿನ ಬಾಗಿಲು ತೆಗೆದಳು. ಹಾಗೇ ನಿಂತಳು.

"ಹತ್ತು, ಹತ್ತು!" ಎಂದ ಟೈಲರ್ ಮೇಲಿನಿಂದ.

"ಎಲ್ಲಿಗ್ರೀ ಹತ್ಲಿ? ಇದೇನು ಗಾಡಿನೋ, ಅಟ್ಟನೋ?"

ಅವಳ ಕಾಲು ಅಷ್ಟೆತ್ತರಕ್ಕೆ ಏಳಲೇ ಇಲ್ಲ. ಮಂಡಿ ಲಟಕ್ಕೆಂದಿತು. ಟೈಲರ್ ಇಳಿದು ಬಂದು ಆ ಕಡೆ ಈ ಕಡೆ ಸುಳಿದಾಡಿದ. ಟೈರು ಅಳೆದಿದ್ದ, ಮಡ್‌ಗಾರ್ಡು ಅಳೆದಿದ್ದ. ಇದೆಲ್ಲ ಯಾರಿಗಾಗಿಯೋ ಆ ಹೆಂಡತಿಯ ಕಾಲು ಎಷ್ಟು ಎತ್ತರಕ್ಕೆ ಏಳುತ್ತದೆಂದು ಅಳೆದಿರಲಿಲ್ಲ! ಅವನ ಮುಖ ಸಣ್ಣಗಾಯಿತು.

"ನಾನೊಬ್ಬ ಬೆಪ್ಪು ಕಣೇ," ಎಂದ ಮೆಲ್ಲಗೆ.

"ಅದು ಮದುವೆ ದಿನವೇ ಗೊತ್ತಾಯ್ತು. ಈಗ ಆ ಅಂಗಡಿ ಮೆಟ್ಟಿಲಿಗೆ ಗಾಡಿ ಒತ್ತಿ ನಿಲ್ಲಿಸಿ."

ಮನೆಗೆ ಅಂಟಿಕೊಂಡೇ ಇದ್ದ ಅವರ ಹೊಲಿಗೆ ಅಂಗಡಿಗೆ ಎತ್ತರದ ಮೆಟ್ಟಿಲುಗಳಿದ್ದವು. ಒಂದೊಂದಾಗಿ ಹತ್ತಿ, ಮೇಲಿನ ಮೆಟ್ಟಿಲಿಂದ ಅವಳು ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಷ್ಟು ಸಲೀಸಾಗಿ ಸೀಟಿಗೆ ಬಂದು ಕೂತಳು. ಟೈಲರನಿಗೆ ಹೋದ ಜೀವ ಬಂತು.

ಗುಡ್ಡದ ದಾರಿಯಲ್ಲಿ ಜೀಪು ಮಾತ್ರ ಮಾನ ಉಳಿಸಿತು. ಕಲ್ಲಿನ ಮೇಲೆ ಕಲ್ಲು ಹತ್ತಿ ಇಳಿಯಿತು. ಹೊಟ್ಟೆ ಎಲ್ಲಿಯೂ ತಾಗಲಿಲ್ಲ. ಬಲ ತಿರುವು ಬಂದಾಗಲೆಲ್ಲ ಟೈಲರ್ ಅರ್ಧ ತಿರುಗಿಸಿ, ಹಿಂದೆ ಬಂದು, ಮತ್ತರ್ಧ ತಿರುಗಿಸುತ್ತಿದ್ದ. "ಹೊಲಿಗೆ ಮೂಲೆಗೆ ಬಂದಾಗ ಸೂಜಿ ನಿಲ್ಲಿಸಿ ಬಟ್ಟೆ ತಿರುಗಿಸ್ತೀವಲ್ಲ, ಹಾಗೆ," ಎಂದು ವಿವರಣೆ ಬೇರೆ. ಹಿಂದಿನ ಸಲದ ಆ ಬಂಡೆ ಬಂತು. ಹೆಂಡತಿ ಅವನ ತೋಳು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಉಕ್ಕಿನ ಚಕ್ರ ಠಣ್ಣೆಂದಿತು. ಅಷ್ಟೇ! ಕಣ್ಣು ಬಿಟ್ಟರೆ ಬಂಡೆ ಹಿಂದಿತ್ತು.

"ದಾಟಿದ್ವಾ?" ಎಂದಳು.

"ದಾಟಿದ್ವಿ."

ಅವಳು ಹಿಡಿದ ತೋಳು ಬಿಡಲಿಲ್ಲ. ಅವನಿಗೆ ಒಂದೇ ಕೈಯಲ್ಲಿ ಓಡಿಸುವುದು ಕಷ್ಟವಾಗುತ್ತಿತ್ತು. ಆದರೆ ಬಿಡು ಎನ್ನಲು ಮನಸ್ಸು ಬರಲಿಲ್ಲ.

ಅಂಗಳದಲ್ಲಿ ಜೀಪು ನಿಂತಾಗ ಆಡುಗಳ ನಡುವಿನಿಂದ ಅಕ್ಕ ಓಡಿ ಬಂದಳು. ತಂಗಿ ಬಾಗಿಲು ತೆಗೆದು ಕೆಳಗೆ ನೋಡಿದಳು. ನೆಲ ಪಾತಾಳದಲ್ಲಿತ್ತು! ಇಲ್ಲಿ ಮೆಟ್ಟಿಲೂ ಇಲ್ಲ, ಕಟ್ಟೆಯೂ ಇಲ್ಲ.

"ಇಳಿಯೇ!" ಎಂದಳು ಅಕ್ಕ.

"ಇಳಿಯೋಕಾಗಲ್ಲ ಕಣಕ್ಕಾ! ಇವರು ನನ್ನನ್ನ ಅಟ್ಟದ ಮೇಲೆ ಕೂರಿಸಿ ತಂದಿದ್ದಾರೆ!"

"ನಾನೆತ್ತಿ ಇಳಿಸ್ತೀನಿ," ಎಂದು ಟೈಲರ್ ಕೆಳಗೆ ಜಿಗಿದು ಅಂಗಿಯ ತೋಳು ಮಡಚಿದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. "ಬೇಡ ಟೈಲರ್ರೇ, ಸೊಂಟ ಉಳುಕಿಸ್ಕೊಂಡ್ರೆ ಇಬ್ರನ್ನೂ ನಾನೇ ಎತ್ಬೇಕಾಗುತ್ತೆ," ಎಂದವಳೇ ಒಂದು ಕಾಲು ಚಕ್ರದ ಮೇಲಿಟ್ಟು, ಬಾಗಿಲು ಹಿಡಿದು ಜಿಗಿದು, ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟಳು. ದಿನವಿಡೀ ಆಡಿನ ಹಿಂದೆ ಬಂಡೆ ಹತ್ತುವವಳಿಗೆ ಇದು ಯಾವ ಲೆಕ್ಕ!

ಅಕ್ಕತಂಗಿಯರು ಅಪ್ಪಿಕೊಂಡರು. ಅಳು, ನಗು, ಮತ್ತೆ ಅಳು. ಕುಪ್ಪಸ ಹೊರಗೆ ಬಂತು, ಅಲ್ಲೇ ಮೈಮೇಲಿಟ್ಟು ನೋಡಿಯೂ ಆಯಿತು. ಒಂದು ವರ್ಷದ ಮಾತು ಜೀಪಿನೊಳಗೆ ಕಟ್ಟೆಯೊಡೆದು ಹರಿಯಿತು. ಟೈಲರ್ ಬಾನೆಟ್ಟಿಗೆ ಒರಗಿ ನಿಂತು ಅದನ್ನೇ ಕೇಳುತ್ತಾ, ಯಾರೂ ನೋಡುತ್ತಿಲ್ಲವೆಂದು ಒಮ್ಮೆ ಕಣ್ಣೊರೆಸಿಕೊಂಡ. ಅವನಿಗೆ ಎಲ್ಲ ಸಾರ್ಥಕವೆನ್ನಿಸಿತು.

"ಅತ್ತಿಗೆ, ಈ ಟೈರಿಗೋಸ್ಕರ ನಾನು ಪಟ್ಟ ಪಾಡು ಕೇಳಿದ್ರೆ..." ಎಂದು ಶುರು ಮಾಡಿದ.

"ಆಮೇಲೆ ಹೇಳಿ. ಕೀ ಇದರಲ್ಲೇ ಇದ್ಯಾ?"

"ಇದೆ. ಯಾಕೆ?"

"ಇವಳನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ಅಂಗಡಿ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದ್ರೆ ಇಳೀತಾಳಂತಲ್ಲ. ನಿಮ್ಮ ಷಡ್ಡಕ ನಂಗೆ ಲಾರಿನೇ ಓಡಿಸೋಕೆ ಕಲಿಸಿದ್ದಾರೆ, ಇದೇನು ಮಹಾ!" ಅಕ್ಕ ಗಾಡಿ ಸ್ಟಾರ್ಟ್ ಮಾಡಿಯೇಬಿಟ್ಟಳು. "ಸಂಜೆಗೆ ಆಡು ಒಳಗೆ ಕಟ್ಟಿ. ಕರಿ ಆಡು ಹಾಯುತ್ತೆ, ಹುಷಾರು. ನಾಳೆ ಬರ್ತೀನಿ."

"ಅತ್ತಿಗೆ! ನಾನು? ಇಲ್ಲಿ? ಆಡು?"

"ಮತ್ತೆ? ವರ್ಷದಿಂದ ಇಳಿಯೋಕೆ ನಾನು ಕಾಯ್ತಿದ್ದದ್ದು ಯಾವುದಕ್ಕೆ ಅಂದ್ಕೊಂಡ್ರಿ, ಗಾಡಿಗೇನ್ರೀ? ಒಂದು ದಿನ ಆಡು ನೋಡ್ಕೊಳ್ಳೋಕೆ ನಂಬಿಕಸ್ಥ ಮನುಷ್ಯ ಒಬ್ಬ ಬೇಕಿತ್ತು ಅಷ್ಟೇ. ನೀವು ನಡ್ಕೊಂಡು ಬಂದಿದ್ರೂ ಸಾಕಾಗಿತ್ತು!"

ಟೈಲರ್ ಹೆಂಡತಿಯ ಮುಖ ನೋಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಸುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಅವನು ನೋಡಿ ಎಷ್ಟು ದಿನವಾಗಿತ್ತೋ! ಬೈಯಲು ತೆರೆದ ಬಾಯಿ ತಾನೇ ನಗುವಾಯಿತು.

ಜೀಪು ಹೊರಟಿತು. "ಬಲಕ್ಕೆ ಪೂರ್ತಿ ತಿರುಗಿಸ್ಬೇಡಿ!" ಎಂದು ಅವನು ಹಿಂದೆ ಓಡುತ್ತಾ ಕೂಗಿದ. "ರೀ, ಊಟದ ಹೊತ್ತಿಗೆ ಊಟ ಮಾಡಿ!" ಎಂದು ಹೆಂಡತಿ ಕಿಟಕಿಯಿಂದ ಕೈಬೀಸಿದಳು. ಟೈಲರ್ ಕೈಯೆತ್ತಿ ನಿಂತಿದ್ದ ಹಾಗೆಯೇ ಹಿಂದಿನಿಂದ ಕರಿ ಆಡು ಬಂದು ಒಂದು ಗುದ್ದು ಕೊಟ್ಟಿತು.