ಮಾಸ್ಟ್ರ ಪ್ರಾಬಬಿಲಿಟಿ

ಜೂಜಾಡಿದರೆ ಕೈಗೆ ಕೋಳ ಬೀಳುವ ದೇಶದಲ್ಲಿದ್ದುಕೊಂಡು, ದುಡ್ಡನ್ನೇ ಮುಟ್ಟದೆ, ವಾರಕ್ಕೊಂದು ಬಾಜಿ ಸೋಲುವುದು ಸುಲಭದ ಕೆಲಸವಲ್ಲ. ನಮ್ಮ ಮಾಸ್ಟ್ರು ಅದನ್ನು ಮಾಡಿ ತೋರಿಸಿದವರು.

ತೊಂಬತ್ತರ ದಶಕ. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟೊಂದರಲ್ಲಿ ನಾವು ನಾಲ್ವರಿದ್ದೆವು, ನಾಲ್ವರೂ ಒಂದೇ ಕಂಪನಿಯವರು. ಮಾಸ್ಟ್ರು ಊರಲ್ಲಿ ಹೈಸ್ಕೂಲಿನ ಗಣಿತ ಮೇಷ್ಟ್ರಾಗಿದ್ದವರು, ಇಲ್ಲಿ ಅಕೌಂಟ್ಸ್. ನಾನು ಪಕ್ಕದ ಮೇಜಿನ ಗುಮಾಸ್ತ. ಮೂರನೆಯವನು ಉಡುಪಿ ಕಡೆಯ ಕ್ರಿಶ್ಚಿಯನ್ ಟೈಪಿಸ್ಟ್. ನಾಲ್ಕನೆಯವರು ಸ್ಟೋರ್ ನೋಡಿಕೊಳ್ಳುತ್ತಿದ್ದ ಬ್ಯಾರಿ ಸಾಹೇಬರು, ನಮ್ಮೆಲ್ಲರಿಗಿಂತ ಹಿರಿಯರು. "ಬಾಜಿ ನನಗೆ ಹರಾಮ್. ಆದ್ರೆ ಅಂಪೈರಿಂಗ್ ಹಲಾಲ್," ಎಂದು ಅವರೇ ಆ ಹುದ್ದೆ ವಹಿಸಿಕೊಂಡಿದ್ದರು.

ಮಾಸ್ಟ್ರು ಇಲ್ಲಿಗೆ ಬಂದ ಮೇಲೆ ಊರಲ್ಲಿ ಮಗಳು ಹುಟ್ಟಿದ್ದಳು. ಅವಳನ್ನು ಅವರು ಫೋಟೋದಲ್ಲಿ ಮಾತ್ರ ನೋಡಿದ್ದರು. ಡಿಸೆಂಬರಿನಲ್ಲಿ ನಮ್ಮ ಆಫೀಸಿನ ಮೂವರಲ್ಲಿ ಒಬ್ಬನಿಗೆ ಮಾತ್ರ ರಜೆ. ಸಾಹೇಬರದ್ದು ಈದ್ ರಜೆ, ಅದು ಬೇರೆ. ಯಾರು ಹೋಗಬೇಕೆಂದು, ಮೂವರೂ ಅವರವರ ಹೆಸರು ಬರೆದು ಹಾಕಿದ ಚೀಟಿಗಳಲ್ಲಿ ಮ್ಯಾನೇಜರ್ ಒಂದನ್ನು ಎತ್ತುತ್ತಿದ್ದರು. ಹಿಂದಿನ ವರ್ಷ ಮಾಸ್ಟ್ರಿಗೆ ಸಿಕ್ಕಿರಲಿಲ್ಲ.

"ಅದೃಷ್ಟ ಅಂತ ಎಂತದೂ ಇಲ್ಲ ಮಾರಾಯ್ರೆ. ಇರುವುದು ಪ್ರಾಬಬಿಲಿಟಿ. ಈ ಸಲ ಲೆಕ್ಕ ಹಾಕಿಯೇ ಗೆಲ್ತೇನೆ," ಎಂದರು. ಉಳಿದ ಬಾಜಿಗಳೆಲ್ಲ ಆ ಒಂದು ಚೀಟಿಗಾಗಿ ನಡೆಸಿದ ಅಭ್ಯಾಸ.

ತಲೆಯಿಲ್ಲದ ನಾಣ್ಯ

ಮೊದಲ ಬಾಜಿ ಪಾತ್ರೆ ತೊಳೆಯುವುದಕ್ಕೆ. ಸಾಹೇಬರು ಇಲ್ಲಿನ ಐವತ್ತು ದಿರ್ಹಮಿನ, ಅಂದರೆ ಅರ್ಧ ರಿಯಾಲಿನ, ನಾಣ್ಯ ಚಿಮ್ಮಿದರು. ಮಾಸ್ಟ್ರು "ಹೆಡ್" ಎಂದರು, ಟೈಪಿಸ್ಟ್ "ಟೈಲ್" ಎಂದ. ಬಿದ್ದ ನಾಣ್ಯವನ್ನು ಎಲ್ಲರೂ ಬಗ್ಗಿ ನೋಡಿದೆವು. ಒಂದು ಕಡೆ ಹಡಗು, ಖರ್ಜೂರದ ಮರ, ಕತ್ತಿ. ಇನ್ನೊಂದು ಕಡೆ ಬರೀ ಅರಬ್ಬಿ ಬರಹ. ತಲೆ ಎಂಬುದು ಎರಡು ಕಡೆಯೂ ಇಲ್ಲ!

"ಹಡಗಿನ ಕಡೆಯೇ ಹೆಡ್," ಎಂದರು ಮಾಸ್ಟ್ರು. ಹಡಗೇ ಮೇಲೆ ಬಿದ್ದಿತ್ತು.

"ಹಡಗಿಗೆ ತಲೆ ಉಂಟಾ? ಹಿಂದೆ ಬಾಲದ ಹಾಗೆ ಚುಕ್ಕಾಣಿ ಉಂಟು. ಅದು ಟೈಲ್," ಎಂದ ಟೈಪಿಸ್ಟ್.

"ಖರ್ಜೂರದ ಮರಕ್ಕೆ ತಲೆ ಇಲ್ವಾ?"

"ಕತ್ತಿ ಇದ್ದಲ್ಲಿ ತಲೆ ಎಲ್ಲಿ ಉಳೀತದೆ ಮಾಸ್ಟ್ರೆ?"

ಅಂಪೈರರು ಗಡ್ಡ ನೀವಿಕೊಂಡು ಯೋಚಿಸಿ, "ಟೈಲ್. ಖಲಾಸ್," ಎಂದುಬಿಟ್ಟರು. ಆ ದಿನ ಬಂಗುಡೆ ಸಾರು ಮಾಡಿದ್ದೆವು. ಮಾಸ್ಟ್ರು ತಟ್ಟೆ ತೊಳೆಯುತ್ತ, ಉಳಿದಿದ್ದ ಮೀನಿನ ಮುಳ್ಳು ಎತ್ತಿ ಹಿಡಿದು ಗೊಣಗಿದರು: "ಇದ್ರಲ್ಲಾದ್ರೂ ತಲೆ ಯಾವುದು, ಬಾಲ ಯಾವುದು ಅಂತ ಸ್ಪಷ್ಟ ಉಂಟು."

ಡಬಲ್

ಆಮೇಲೆ ಟೀವಿಯಲ್ಲಿ ಶಾರ್ಜಾ ಕ್ರಿಕೆಟ್ ಶುರುವಾಯಿತು. ಮಾಸ್ಟ್ರು ಹೊಸ ಉಪಾಯ ತಂದರು. ಪ್ರತಿ ಮ್ಯಾಚಿನ ಟಾಸ್ ಯಾರಿಗೆ ಎಂದು ಟೈಪಿಸ್ಟನ ಜೊತೆ ಬಾಜಿ. ಸೋತವನು ಒಂದು ದಿನ ಪಾತ್ರೆ ತೊಳೆಯಬೇಕು.

"ಸೋತರೆ ಮುಂದಿನ ಬಾಜಿ ಡಬಲ್. ಮತ್ತೂ ಸೋತರೆ ಅದರ ಡಬಲ್. ಒಂದೇ ಒಂದು ಸಲ ಗೆದ್ದರೆ ಹಿಂದಿನದ್ದೆಲ್ಲ ಚುಕ್ತಾ. ಇದಕ್ಕೆ ಸೋಲೇ ಇಲ್ಲ," ಎಂದು ನನಗೆ ಪಾಠ ಮಾಡಿದರು.

ಮೊದಲ ಟಾಸ್ ಸೋತರು, ಎರಡನೆಯದನ್ನೂ ಸೋತರು. "ಇನ್ನು ಬರಲೇಬೇಕು," ಎಂದು ಹುರುಪಿನಿಂದ ಮೂರನೆಯದನ್ನೂ ಸೋತರು. ಹಿಂದಿನ ಟಾಸ್‌ಗಳ ನೆನಪು ನಾಣ್ಯಕ್ಕೆ ಇರುವುದಿಲ್ಲ ಎಂದು ಮಕ್ಕಳಿಗೆ ಕಲಿಸಿದವರೇ ಇವರು. ಡಬಲ್ ಮಾಡುತ್ತ ಹೋದವರು ಗೆಲ್ಲುವವರೆಗೂ ಆಡುತ್ತಲೇ ಇರಬೇಕಲ್ಲ, ಅಷ್ಟು ಹೊತ್ತಿಗೆ ಕೈಲಿದ್ದದ್ದೆಲ್ಲ ಮುಗಿದಿರುತ್ತದೆ. ಕ್ಯಾಸಿನೋದವರು ಮೇಜಿಗೊಂದು ಮಿತಿ ಇಡುವುದೂ ಇದನ್ನು ತಿಳಿದೇ ಅಂತೆ. ನಮ್ಮ ಸಿಂಕಿಗೆ ಆ ಮಿತಿ ಇರಲಿಲ್ಲ. ಉಳಿದ ಟಾಸ್‌ಗಳೂ ಹಾಗೆಯೇ ಹೋಗಿ, ಸರಣಿ ಮುಗಿಯುವಾಗ ಮಾಸ್ಟ್ರ ಪಾತ್ರೆಯ ಪಾಳಿ ರಂಜಾನ್ ದಾಟಿ ಮುಂದೆ ಹೋಗಿತ್ತು.

"ಇನ್ನೊಂದೇ ಮ್ಯಾಚ್ ಇದ್ದಿದ್ರೆ!" ಎಂದರು.

ಸಾಹೇಬರು ಸಮಾಧಾನ ಹೇಳಿದರು: "ಇಲ್ಲದ್ದೇ ಒಳ್ಳೇದಾಯ್ತು. ಇನ್ನೊಂದು ಸೋತಿದ್ರೆ ವೀಸಾ ಮುಗಿದ ಮೇಲೂ ತೊಳೀಲಿಕ್ಕೆ ಇರ್ತಿತ್ತು."

ಕೂಪನ್

ಆ ವರ್ಷ ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಕೊಂಡವರಿಗೆಲ್ಲ ಕಾರಿನ ಲಾಟರಿ ಕೂಪನ್ ಕೊಡುತ್ತಿದ್ದರು. ಮಾಸ್ಟ್ರು ಅರ್ಧ ಕೂಪನ್‌ಗಳ ಮೇಲೆ ನನ್ನ ಹೆಸರು ಬರೆದರು.

"ನನ್ನ ಹೆಸರು ಯಾಕೆ?"

"ಹೆಸರು ಎರಡಾದ್ರೆ ಅವಕಾಶವೂ ಎರಡು ಕಡೆ. ನಿಮಗೆ ಬಂದ್ರೂ ನನಗೆ ಕೊಡದೆ ಇರ್ತೀರಾ?"

ಆಮೇಲೆ ಒಂದೊಂದನ್ನೂ ಬೀಸಣಿಗೆಯ ಹಾಗೆ ಮಡಚಿ ಉಬ್ಬಿಸಿದರು. ಜಾಗ ಜಾಸ್ತಿ ಹಿಡಿದರೆ ಕೈಗೆ ಸಿಗುವ ಸಂಭವವೂ ಜಾಸ್ತಿಯಂತೆ. ಡ್ರಾ ದಿನ ನಾವು ಮುಂದಿನ ಸಾಲಿನಲ್ಲೇ ನಿಂತೆವು. ದೊಡ್ಡ ಮನುಷ್ಯರೊಬ್ಬರು ಡಬ್ಬಕ್ಕೆ ಕೈ ಹಾಕಿದರು. ಮೇಲೆ ಬಂತು ನೋಡಿ, ಬೀಸಣಿಗೆ! ಮಾಸ್ಟ್ರು ನನ್ನ ತೋಳು ಹಿಂಡಿದರು. ಲೆಕ್ಕ ಸರಿಯಾಗಿಯೇ ಇತ್ತು.

ಆ ಮನುಷ್ಯರು ಮುಖ ಕಿವುಚಿ ಅದನ್ನು ನೋಡಿದರು. ಯಾರೋ ಡಬ್ಬಕ್ಕೆ ಕಸ ಹಾಕಿದ್ದಾರೆಂದು ಪಕ್ಕಕ್ಕೆಸೆದು, ನೀಟಾಗಿದ್ದ ಇನ್ನೊಂದನ್ನು ಎತ್ತಿದರು.

ಚೀಟಿ

ಕಡೆಗೂ ರಜೆಯ ಚೀಟಿಯ ದಿನ ಬಂತು. ಹಿಂದಿನ ಸಂಜೆ ಮಾಸ್ಟ್ರು ಸ್ನಾನಕ್ಕೆ ಹೋದಾಗ ಸಾಹೇಬರು ನಮ್ಮಿಬ್ಬರನ್ನು ಅಡುಗೆಮನೆಗೆ ಕರೆದರು. "ಇಬ್ಬರೂ ಮಾಸ್ಟ್ರ ಹೆಸರೇ ಬರೀರಿ. ಪಾಪ, ಮಗುವಿನ ಮುಖ ನೋಡ್ಲಿ."

ಟೈಪಿಸ್ಟನಿಗೆ ಕ್ರಿಸ್ಮಸ್ ತಪ್ಪುತ್ತದಲ್ಲ ಎಂದೆ. "ಕ್ರಿಸ್ಮಸ್ ತಿಂಡಿ ಊರಿಂದ ಬರುವವರ ಕೈಲಿ ಬರ್ತದೆ. ಮಗು ಹಾಗೆ ಬರ್ತದಾ?" ಎಂದ. ಅವನ ಮೇಲೆ ನನಗೆ ಆವತ್ತು ಬಂದ ಪ್ರೀತಿ ಇವತ್ತಿಗೂ ಹೋಗಿಲ್ಲ.

ಇನ್ನು ಸೋಲುವ ಮಾತೇ ಇಲ್ಲ. ಮೂರು ಚೀಟಿಯಲ್ಲೂ ಮಾಸ್ಟ್ರು!

ಮ್ಯಾನೇಜರ್ ಚಹಾದ ಡಬ್ಬಿ ಕುಲುಕಿ ಒಂದು ಚೀಟಿ ಎತ್ತಿ ಓದಿದರು. ಅದರಲ್ಲಿದ್ದದ್ದು ನನ್ನ ಹೆಸರು. "ಖಲಾಸ್, ಯಲ್ಲಾ, ಇನ್ನು ನಡೀರಿ," ಎಂದು ಒಳಗೆ ಹೋದರು.

ಟೈಪಿಸ್ಟ್ ನನ್ನನ್ನು ನೋಡಿದ ನೋಟ ಬೇಡವೇ ಬೇಡ. ಮಾತು ಕೊಟ್ಟು ಕೈಕೊಟ್ಟ ಕಳ್ಳ ನಾನು! ನನಗೆ ಅಳುವೇ ಬಂತು. ಸಾಹೇಬರು ಡಬ್ಬಿಯನ್ನು ಸ್ಟೋರಿಗೆ ಒಯ್ದರು, ನಾವಿಬ್ಬರೂ ಹಿಂದೆಯೇ ಓಡಿದೆವು. ಉಳಿದ ಎರಡು ಚೀಟಿ ಬಿಡಿಸಿದರೆ ಒಂದು ನನ್ನ ಅಕ್ಷರ, ಒಂದು ಟೈಪಿಸ್ಟನ ಅಕ್ಷರ. ಎರಡರಲ್ಲೂ ಮಾಸ್ಟ್ರ ಹೆಸರು. ಹಾಗಾದರೆ ನನ್ನ ಹೆಸರು ಬರೆದವರು ಯಾರು?

ಬಾಗಿಲಲ್ಲಿ ಮಾಸ್ಟ್ರು ಹಲ್ಲು ಕಿರಿದು ನಿಂತಿದ್ದರು. ಸಾಹೇಬರು ಎರಡೂ ಚೀಟಿಯನ್ನು ಕಿಸೆಗೆ ಇಳಿಸಿದರು.

"ಬರೆದದ್ದು ನಾನೇ! ನನ್ನ ಹೆಸರು ಬರೆದಿದ್ರೆ ಮೂರರಲ್ಲಿ ಒಂದು ಅವಕಾಶ. ನೀವು ಹೇಗೂ ನಿಮ್ಮ ಹೆಸರು ಬರೀತೀರಿ. ನಾನೂ ನಿಮ್ಮದೇ ಬರೆದ್ರೆ ಮೂರರಲ್ಲಿ ಎರಡು. ನಿಮಗೆ ಸಿಕ್ಕಿದ್ದನ್ನು ನೀವು ನನಗೆ ಕೊಡ್ತೀರಿ. ಇದಕ್ಕೆ ಸ್ಟ್ರಾಟೆಜಿ ಅಂತಾರೆ!"

"ನಾನು ಕೊಡದಿದ್ರೆ?" ಎಂದೆ.

"ಅದರ ಪ್ರಾಬಬಿಲಿಟಿ ಸೊನ್ನೆ," ಎಂದರು, ನನ್ನ ಹೆಗಲ ಮೇಲೆ ಕೈಯಿಟ್ಟು.

ಮ್ಯಾನೇಜರ್ ಹತ್ತಿರ ಹೋಗಿ ರಜೆಯನ್ನು ಅವರ ಹೆಸರಿಗೆ ಮಾಡಿಸಿದೆ. ಸುಮ್ಮನೆ ತಮ್ಮ ಹೆಸರು ಬರೆದಿದ್ದರೆ ಗೆಲುವು ಖಾತ್ರಿಯಿದ್ದ ಚೀಟಿಯನ್ನು ಅವರು ಲೆಕ್ಕ ಹಾಕಿ ಹಾಕಿಯೇ ಸೋತಿದ್ದರು. ಅದನ್ನು ಹೇಳಲು ನಮ್ಮ ಮೂವರಿಗೂ ಮನಸ್ಸು ಬರಲಿಲ್ಲ.

ಏರ್‌ಪೋರ್ಟಿನಲ್ಲಿ ಮಗಳಿಗೆಂದು ಕೊಂಡ ಗೊಂಬೆಯನ್ನು ಕಂಕುಳಲ್ಲಿಟ್ಟುಕೊಂಡು ಮಾಸ್ಟ್ರು ಕೇಳಿದರು: "ಅಂಪೈರ್ ಸಾಹೇಬ್ರೆ, ಈಗ ಹೇಳಿ. ನನ್ನ ಗಣಿತ ಹೇಗೆ?"

ಸಾಹೇಬರು ತೋರುಬೆರಳನ್ನು ಮೇಲಕ್ಕೆತ್ತಿದರು. "ನಂಬರ್ ವನ್!" ಎಂದು ಮಾಸ್ಟ್ರು ಕುಣಿಯುತ್ತ ಒಳಗೆ ಹೋದರು.

"ದೇವರ ದಯೆ ಅಂತ ತೋರಿಸಿದ್ದಲ್ವಾ ಸಾಹೇಬ್ರೆ?" ಎಂದು ಟೈಪಿಸ್ಟ್ ಕೇಳಿದ.

ಸಾಹೇಬರು ಕಿಸೆಯ ಚೀಟಿಗಳನ್ನು ಮುಟ್ಟಿ ನೋಡಿಕೊಂಡರು. "ಅಂಪೈರ್ ಬೆರಳು ಎತ್ತಿದ್ರೆ ಎಂತ ಮಾರಾಯಾ? ಔಟ್!"