ಎರವಲು ರಕ್ತ

ಕ್ರೇನ್ ಆಪರೇಟರ್ ಮಾಡಿದ ತಪ್ಪು ಒಂದೇ. ಸೋಮವಾರ ಬೆಳಿಗ್ಗೆ ರಕ್ತಪರೀಕ್ಷೆಗೆ ತನ್ನ ತೋಳಿನ ಬದಲು ಭಾವಮೈದುನನ ತೋಳನ್ನು ಕಳಿಸಿದ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ, ಬಿಡಿ. ಹನ್ನೆರಡು ವರ್ಷದಿಂದ ಕಾರ್ಖಾನೆಯ ಸೂರಿಗೆ ತಾಗಿದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ತೊಲೆಗಳನ್ನು ಎತ್ತಿಡುತ್ತಿದ್ದ. ಮೇಸ್ತ್ರಿಯ ಬೈಗುಳವಾಗಲಿ, ಸ್ಟೋರ್‌ಕೀಪರನ ಉಪದೇಶವಾಗಲಿ ಅಲ್ಲಿಗೆ ತಲುಪುತ್ತಿರಲಿಲ್ಲ. ಭೂಮಿಯ ಮೇಲೆ ಅವನಿಗೆ ಹಿಡಿಸಿದ ಜಾಗ ಅದೊಂದೇ, ಅದೂ ಭೂಮಿಯಿಂದ ನಲವತ್ತು ಅಡಿ ಮೇಲೆ. ಹೋದ ವರ್ಷದ ತಪಾಸಣೆಯಲ್ಲಿ ಕಾರ್ಖಾನೆಯ ಡಾಕ್ಟರಮ್ಮ, "ರಕ್ತದಲ್ಲಿ ಇಷ್ಟು ಕೊಬ್ಬು ಇಟ್ಕೊಂಡು ಮೇಲೆ ಹತ್ತಬಾರ್ದು ರೀ. ಮುಂದಿನ ವರ್ಷವೂ ಹೀಗೇ ಇದ್ರೆ ಗೇಟಲ್ಲಿ ಕೂರಿಸ್ತೀನಿ," ಎಂದಿದ್ದರು. ಗೇಟಿನಲ್ಲಿ ಕೂತವನ ಹತ್ತಿರ ಇಡೀ ಕಾರ್ಖಾನೆ ನಿಂತು ಮಾತಾಡಿಯೇ ಮುಂದೆ ಹೋಗುತ್ತದೆ.

ಅಂದಿನಿಂದ ಹೆಂಡತಿ ಬೇಯಿಸಿ ಹಾಕಿದ ಸಪ್ಪೆ ತರಕಾರಿಯನ್ನು ವರ್ಷವಿಡೀ ತುಟಿ ಪಿಟಕ್ಕೆನ್ನದೆ ತಿಂದ. ಆದರೆ ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಕೊಬ್ಬಿನ ಜೊತೆ ಹೃದಯವನ್ನೂ ನೋಡುವ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ಆ ಹೊಟ್ಟೆಯನ್ನೊಮ್ಮೆ ಬಗ್ಗಿ ನೋಡಿಕೊಂಡ, ಧೈರ್ಯ ಅಲ್ಲೇ ಸೋರಿಹೋಯಿತು. ಹೊರಗಿನ ಲ್ಯಾಬಿನಲ್ಲಿ ಮುಖ ನೋಡುವವರಿಲ್ಲ, ಚೀಟಿಯಲ್ಲಿರುವ ಹೆಸರು ಕೂಗುತ್ತಾರೆ ಅಷ್ಟೆ.

ಭಾವಮೈದುನ ದೂರದ ಓಟಗಾರ. ಹಿಂದಿನ ದಿನವಷ್ಟೇ ನಲವತ್ತೆರಡು ಕಿಲೋಮೀಟರ್ ಓಡಿ ಬಂದಿದ್ದ.

"ಭಾವ, ಇದು ಸರಿಯಾ?"

"ಅಲ್ಲಯ್ಯಾ, ಅಷ್ಟು ಓಡಿದವನ ರಕ್ತ ಈಗ ತಾನೇ ಒಗೆದು ಹಿಂಡಿದ ಬಟ್ಟೆ ಹಾಗಿರತ್ತೆ. ಒಂದು ಸಣ್ಣ ಸೀಸೆ ಕೊಟ್ರೆ ನಿನ್ನ ಗಂಟೇನು ಹೋಗತ್ತೆ?"

ಭಾವಮೈದುನ ಕಂಬಿ ಹಿಡಿದುಕೊಂಡು, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲು ಇಳಿದು ಹೋದ. ಅದನ್ನು ನೋಡಿದಾಗಲಾದರೂ ಇವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ತೊಲೆಯೊಂದು ಗಾಳಿಯಲ್ಲಿ ತೂಗುತ್ತಿರುವಾಗ ಸೈರನ್ ಕೂಗಿತು. ಕೆಳಗೆ ಸೇಫ್ಟಿ ಆಫೀಸರ್ ಧ್ವನಿವರ್ಧಕ ಹಿಡಿದು ನಿಂತಿದ್ದರು.

"ಕೂತಲ್ಲೇ ಕೂತಿರಿ. ಅಲ್ಲಾಡ್ಬೇಡಿ. ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ."

"ಯಾವಾಗ?"

"ಬೆಳಿಗ್ಗೆ. ರಿಪೋರ್ಟ್ ಈಗ ಬಂತು."

ದಿನಕ್ಕೆ ನಾಲ್ಕು ಸಲ ಏಣಿ ಹತ್ತಿಳಿಯುತ್ತಿದ್ದವನನ್ನು ಸ್ಟ್ರೆಚರಿಗೆ ಬಿಗಿದು, ಹಗ್ಗ ಕಟ್ಟಿ, ಆರು ಜನ ಸೇರಿ ಕೆಳಗಿಳಿಸಿದರು. ಅವನು ಎತ್ತಿದ ಯಾವ ತೊಲೆಯೂ ಅಷ್ಟು ಓಲಾಡಿರಲಿಲ್ಲ.

"ಮುಖ ನೋಡಿ, ಬಿಳಿಚಿಕೊಂಡಿದೆ. ನಂಗೆ ಶುಕ್ರವಾರವೇ ಡೌಟ್ ಬಂತು," ಎಂದ ಸ್ಟೋರ್‌ಕೀಪರ್.

"ನಂಗೇನೂ ಆಗಿಲ್ಲ ಮಾರಾಯ್ರೇ."

"ಎಲ್ಲರೂ ಹಾಗೇ ಅನ್ನೋದು. ನಮ್ಮ ದೊಡ್ಡಪ್ಪನೂ ಹಾಗೇ ಅಂದ್ರು, ಅದೇ ಕೊನೇ ಮಾತು."

ನಿಜ ನಾಲಿಗೆಯ ತುದಿಗೆ ಬಂತು. ಪರೀಕ್ಷೆಯಲ್ಲಿ ಮೋಸ ಮಾಡಿದವನಿಗೆ ಅವತ್ತೇ ಕೆಲಸದಿಂದ ವಜಾ ಎಂಬ ನಿಯಮವೂ ಜೊತೆಗೇ ನೆನಪಾಯಿತು. ನಿಜವನ್ನು ನುಂಗಿಕೊಂಡು ಆಂಬುಲೆನ್ಸ್ ಹತ್ತಿದ.

ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದರು, ಈ ಸಲ ಅವನದೇ. ಹೆಂಡತಿ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅವಳ ಮುಖ ನೋಡಿದಾಗ ಅವನಿಗೆ ಯಾಕಾದರೂ ಹೀಗೆ ಮಾಡಿದೆನೋ ಅನ್ನಿಸಿತು. ಭಾವಮೈದುನ ಸುದ್ದಿ ಕೇಳಿ ಕುಂಟುತ್ತ ಬಂದು ಬಾಗಿಲಿಗೆ ಒರಗಿ ನಿಂತ.

ಸಂಜೆ ಕಾರ್ಖಾನೆಯ ಡಾಕ್ಟರಮ್ಮ ಎರಡು ಹಾಳೆ ಹಿಡಿದು ಬಂದರು. "ವಿಚಿತ್ರ ಕಣ್ರೀ. ಹೃದಯದ ಸ್ನಾಯುವಿಗೆ ಏಟು ಬಿದ್ರೆ ರಕ್ತಕ್ಕೆ ಸೋರೋ ಪದಾರ್ಥ ಬೆಳಿಗ್ಗೆ ರಾಶಿ ಇತ್ತು, ಈಗ ಲವಲೇಶವೂ ಇಲ್ಲ. ಅಟ್ಯಾಕ್ ಆಗಿದ್ರೆ ಇಷ್ಟು ಬೇಗ ಇಳಿಯಲ್ಲ. ತುಂಬಾ ದೂರ ಓಡಿದವರಿಗೆ ಒಂದೆರಡು ದಿನ ಹೀಗೆ ಏರಿ ಇಳಿಯೋದುಂಟು, ಅದಕ್ಕೆ ಹೆದರಬೇಕಾಗಿಲ್ಲ. ನೀವೇನಾದ್ರೂ ನಿನ್ನೆ ಓಡಿದ್ರಾ?"

ಮುಳುಗುವವನಿಗೆ ದಡವೇ ಎದ್ದು ಬಂದ ಹಾಗಾಯಿತು. "ಓಡಿದೆ ಡಾಕ್ಟ್ರೇ. ನಲವತ್ತೆರಡು ಕಿಲೋಮೀಟರ್."

"ಇವ್ರಾ?" ಎಂದಳು ಹೆಂಡತಿ. "ಡಾಕ್ಟ್ರೇ, ತಲೆಗೂ ಏನೋ ಆಗಿದೆ, ಅದನ್ನೂ ನೋಡಿ. ನಿನ್ನೆ ಉಂಡು ಮಲಗಿದವರು ಸಂಜೆ ಐದಕ್ಕೆ ಎದ್ರು. ಓಡಿದ್ದು ನನ್ನ ತಮ್ಮ, ಅಗೋ ನಿಂತಿದಾನಲ್ಲ."

ಡಾಕ್ಟರಮ್ಮ ತಮ್ಮನ ಕಾಲು ನೋಡಿದರು. ಆಮೇಲೆ ಅವನ ಮೊಣಕೈಯ ಒಳಗೆ ಅಂಟಿಸಿದ್ದ ಹತ್ತಿಯ ಪಟ್ಟಿ ನೋಡಿದರು. ಅವನು ತೋಳು ಮಡಚಿಕೊಂಡು ಗೋಡೆ ನೋಡತೊಡಗಿದ. ಕೋಣೆಯಲ್ಲಿ ಅರ್ಥವಾಗದೆ ಉಳಿದವಳು ಹೆಂಡತಿ ಒಬ್ಬಳೇ.

"ಕೆಲಸ ಕಳೆಯೋ ಹಾಗೆ ಬರೆಯಲ್ಲ," ಎಂದು ಡಾಕ್ಟರಮ್ಮ ಪೆನ್ನು ತೆಗೆದರು. "ಆದ್ರೆ ಒಂದು ವರ್ಷ ಗೇಟು."

ಹೋಗುವಾಗ ಸಂಜೆಯ ಹಾಳೆಯನ್ನು ಅವನ ಎದೆಯ ಮೇಲಿಟ್ಟು ಒಂದು ಅಂಕಿಗೆ ಬೆರಳು ತೋರಿಸಿದರು. "ಇದು ನಿಮ್ಮದೇ. ಕೊಬ್ಬು ಹೋದ ವರ್ಷದ ಅರ್ಧಕ್ಕಿಳಿದಿದೆ. ಬೆಳಿಗ್ಗೆ ಇದೇ ಬಂದಿದ್ರೆ ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ."

ಅವನು ಆ ಅಂಕಿಯನ್ನೇ ನೋಡುತ್ತ ಮಲಗಿದ. ವರ್ಷವಿಡೀ ಸಪ್ಪೆ ತಿಂದು ಗೆದ್ದ ರಕ್ತವನ್ನು ಒಂದು ದಿನದ ಮಟ್ಟಿಗೂ ನಂಬಲಾಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

ಹೆಂಡತಿ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಗೇಟಾದ್ರೆ ಏನಾಯ್ತು ಬಿಡಿ. ಮೇಲೆ ಒಬ್ಬರೇ ಕೂತು ಬೇಜಾರಾಗ್ತಿತ್ತು ನಿಮಗೆ. ಇನ್ಮೇಲೆ ದಿನವಿಡೀ ನಾಲ್ಕು ಜನರ ಜೊತೆ ಮಾತಾಡ್ಕೊಂಡಿರಬಹುದು."